ಕಮ್ಮಟವಿಲ್ಲದ ವಿದ್ಯೆ

ನಮ್ಮ ತಂದೆಯವರು ಬಿಟ್ಟುಹೋದ ಆಸ್ತಿಯಲ್ಲಿ ಯಾರೂ ಪಾಲು ಕೇಳದೆ ಉಳಿದದ್ದು ಒಂದೇ ವಸ್ತು: ಬನಶಂಕರಿಯ ಮನೆಯ ಅಂಗಳದಲ್ಲಿ ಹೊಂಗೆಮರದ ಕೆಳಗೆ ನಿಂತಿದ್ದ ಪ್ರೀಮಿಯರ್ ಪದ್ಮಿನಿ ಮೋಟಾರು. ಆರು ವರ್ಷ ಅದರ ಮೇಲೆ ಎಲೆ ಉದುರಿತು, ಧೂಳು ಕೂತಿತು. ಹಿಂಬದಿಯ ಸ್ಪ್ರಿಂಗ್ ಪ್ಲೇಟುಗಳು ಕುಸಿದು ವಾಹನ ನೆಲದತ್ತ ಬಾಗಿತು. ಗುಜರಿಯವನಿಗೆ ಕೊಟ್ಟುಬಿಡಬೇಕೆಂದು ನಾನು ನಿಶ್ಚಯಿಸಿದ್ದಾಗ, ಒಂಬತ್ತನೆಯ ತರಗತಿಯಲ್ಲಿ ಓದುವ ನನ್ನ ಅಕ್ಕನ ಮಗ ಅಡ್ಡ ನಿಂತ.

“ಮಾವ, ಇದನ್ನು ನಮ್ಮ ಶಾಲೆಗೆ ಕೊಡಿ. ಹುಡುಗರೆಲ್ಲ ಸೇರಿ ರಿಪೇರಿ ಮಾಡುತ್ತೇವೆ. ಆಮೇಲೆ ದೊಡ್ಡ ಚಕ್ರ ಹಾಕಿ ಮೇಲಕ್ಕೆ ಎತ್ತುತ್ತೇವೆ. ಅಮೆರಿಕದ ಹೈಸ್ಕೂಲುಗಳಲ್ಲಿ ಹಾಗೆ ಮಾಡುತ್ತಾರಂತೆ.”

ಮರುದಿನವೇ ಅವನ ಶಾಲೆಗೆ ಹೋದೆ. ಮುಖ್ಯೋಪಾಧ್ಯಾಯರು ಸಜ್ಜನರು, ಕಾಫಿ ತರಿಸಿ ಹೇಳಿದರು: “ಸ್ವಾಮಿ, ಯಾವನಾದರೂ ಹುಡುಗನ ಬೆರಳಿಗೆ ಪೆಟ್ಟಾದರೆ ಹೊಣೆ ಯಾರು? ಮುಂದಿನ ವರ್ಷ ಎಸ್.ಎಸ್.ಎಲ್.ಸಿ. ಬೇರೆ. ಇವನಿಗೆ ಕನ್ನಡದಲ್ಲಿಯೇ ಅಂಕ ಸಾಲದು. ತಾವು ಮನೆಯಲ್ಲಿ ಸ್ವಲ್ಪ ಛಂದಸ್ಸು ಹೇಳಿಕೊಡಬಾರದೇ?” ಕನ್ನಡದ ಅಧ್ಯಾಪಕನಾದ ನಾನು ತಲೆ ತಗ್ಗಿಸಿಕೊಂಡು ಹಿಂದಿರುಗಿದೆ.

ಮೋಟಾರು ಅಂಗಳದಲ್ಲಿಯೇ ಉಳಿಯಿತು. ಪರಿಚಯದ ಮೆಕ್ಯಾನಿಕ್ ಒಬ್ಬರು ಭಾನುವಾರಗಳಂದು ಬಂದು ಹುಡುಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೆಲಸ ಆರಂಭಿಸಿದರು. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಬಿಡಿಭಾಗಗಳನ್ನು ಹುಡುಕಿ ತರುವುದು ನನ್ನ ಪಾಲಿಗೆ ಬಂತು. ಕಾರ್ಬುರೇಟರ್ ಬಿಚ್ಚಿ ತೊಳೆದರು. ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನು ಉಜ್ಜಿ ಅಂತರ ಸರಿಪಡಿಸಿದರು. ಒಂದು ದಿನ ಹುಡುಗ ತನ್ನಷ್ಟಕ್ಕೆ “ಒಂದು, ಮೂರು, ನಾಲ್ಕು, ಎರಡು” ಎಂದು ಗುನುಗುತ್ತಿದ್ದ. ಏನೆಂದು ಕೇಳಿದೆ. ನಾಲ್ಕು ಸಿಲಿಂಡರುಗಳಲ್ಲಿ ಕಿಡಿ ಹತ್ತುವ ಕ್ರಮವಂತೆ. ತಂತಿ ಅದಲುಬದಲಾದರೆ ಇಂಜಿನು ಮುಗ್ಗರಿಸುತ್ತದಂತೆ. ಭಾಮಿನಿ ಷಟ್ಪದಿಯ ಮೂರು-ನಾಲ್ಕು ಮಾತ್ರೆಗಳ ನಡೆಯೂ ಅಂಥದೇ, ಒಂದು ಮಾತ್ರೆ ಹೆಚ್ಚಿದರೂ ಸಾಲು ಮುಗ್ಗರಿಸುತ್ತದೆ ಎಂದೆ. ಅವನು ಗ್ರೀಸು ಮೆತ್ತಿದ ಬೆರಳಿನಿಂದಲೇ ನೆಲದ ಮೇಲೆ ಪ್ರಸ್ತಾರ ಹಾಕಿದ. ವರ್ಷವೆಲ್ಲ ತಲೆಗೆ ಹತ್ತದ ಲಘುಗುರುಗಳು ಅಂದು ಹತ್ತಿದವು.

ಮೇಲಕ್ಕೆತ್ತುವ ಆಸೆಗೆ ಮಾತ್ರ ಮೆಕ್ಯಾನಿಕ್ ಒಪ್ಪಲಿಲ್ಲ. “ಕುಸಿದಷ್ಟು ಎತ್ತೋಣ ಕಣಪ್ಪ, ಅದಕ್ಕಿಂತ ಹೆಚ್ಚು ಬೇಡ. ಎತ್ತರವಾದಷ್ಟೂ ತಿರುವಿನಲ್ಲಿ ಮಗುಚುವ ಭಯ ಜಾಸ್ತಿ” ಎಂದರು. ನಾನು ಕಾನೂನು ತೆರೆದು ನೋಡಿದೆ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಬಾರದೆಂದು ಮೋಟಾರು ವಾಹನ ಕಾಯಿದೆಯ ೫೨ನೆಯ ಕಲಮು ಹೇಳುತ್ತದೆ. ೨೦೧೯ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಪ್ಲೇಟುಗಳು ಮತ್ತೆ ಬಾಗು ಪಡೆದು ವಾಹನ ತನ್ನ ಸಹಜವಾದ ಎತ್ತರಕ್ಕೆ ನಿಂತಿತು. ಗುರುತ್ವಕೇಂದ್ರದ ಪಾಠ, ಕಾನೂನಿನ ಪಾಠ, ಆಸೆಗೆ ಮಿತಿಯುಂಟೆಂಬ ಪಾಠ, ಮೂರೂ ಒಂದೇ ಭಾನುವಾರ ಮುಗಿದವು.

ನಾವು ಸಾಹಿತ್ಯದವರು ಒಂದೆಡೆ ಸೇರಿ ಪ್ರಬಂಧ ಓದಿದರೆ ಅದನ್ನು ಕಮ್ಮಟವೆನ್ನುತ್ತೇವೆ. ಕಮ್ಮಟವೆಂದರೆ ಮೂಲದಲ್ಲಿ ಟಂಕಸಾಲೆ, ಲೋಹಕ್ಕೆ ಅಚ್ಚೊತ್ತುವ ಸ್ಥಳ. ಪದವನ್ನು ಉಳಿಸಿಕೊಂಡೆವು, ಬೆಂಕಿಯನ್ನು ಕೈಬಿಟ್ಟೆವು. ನುಲಿಯ ಚಂದಯ್ಯನ ಹಗ್ಗವನ್ನೂ ಅಂಬಿಗರ ಚೌಡಯ್ಯನ ದೋಣಿಯನ್ನೂ ಸ್ಮರಿಸಿ ತರಗತಿಯಲ್ಲಿ ಕಾಯಕತತ್ತ್ವವನ್ನು ಗಂಟೆಗಟ್ಟಲೆ ವಿವರಿಸುವ ನನಗೆ, ಪಂಕ್ಚರಾದ ಚಕ್ರವನ್ನು ಬಿಚ್ಚಲು ಬಾರದು. ಆಯುಧಪೂಜೆಯ ದಿನ ಸ್ಪ್ಯಾನರಿಗೆ ಕುಂಕುಮವಿಟ್ಟು ಕೈಮುಗಿಯುತ್ತೇವೆ. ಮರುದಿನ ಅದನ್ನು ಮಗನ ಕೈಗೆ ಕೊಡಲು ಅಂಜುತ್ತೇವೆ.

ಹೇಳುವವರು ಇರಲಿಲ್ಲವೆಂದಲ್ಲ. ೧೯೩೭ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಕೈಕೆಲಸವನ್ನು ಶಿಕ್ಷಣದ ನಡುವೆ ಇಟ್ಟರು. ೧೯೪೩ರಲ್ಲಿ ವಿಶ್ವೇಶ್ವರಯ್ಯನವರ ಪ್ರಯತ್ನದಿಂದ ಇದೇ ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ವೃತ್ತಿಶಿಕ್ಷಣ ಸಂಸ್ಥೆ ಹುಟ್ಟಿತು. ೧೯೫೨-೫೩ರ ಮುದಲಿಯಾರ್ ಆಯೋಗ ಪ್ರೌಢಶಾಲೆಯ ವಿದ್ಯಾರ್ಥಿಗೆ ಒಂದು ಕಸುಬು ಬೇಕೆಂದಿತು; ೧೯೬೪-೬೬ರ ಕೊಠಾರಿ ಆಯೋಗ ಅದನ್ನು ಕಾರ್ಯಾನುಭವವೆಂದು ಕರೆಯಿತು; ೧೯೭೭ರ ಈಶ್ವರಭಾಯಿ ಪಟೇಲ್ ಸಮಿತಿ ಸಮಾಜೋಪಯೋಗಿ ಉತ್ಪಾದಕ ಕಾರ್ಯವೆಂದಿತು. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿ, ೨೦೨೫ರ ಹೊತ್ತಿಗೆ ಅರ್ಧದಷ್ಟಾದರೂ ವಿದ್ಯಾರ್ಥಿಗಳಿಗೆ ವೃತ್ತಿಶಿಕ್ಷಣದ ಪರಿಚಯವಾಗಬೇಕೆಂದು ಆಶಿಸಿತು. ಹೆಸರುಗಳು ಬದಲಾದವು, ನಮ್ಮ ಮಕ್ಕಳ ಅಂಗೈಗಳು ಹಾಗೆಯೇ ನುಣುಪಾಗಿ ಉಳಿದವು.

ಪೆಟ್ಟಿನ ಭಯ ನಿಜ. ಜ್ಯಾಕನ್ನೇ ನಂಬಿ ವಾಹನದ ಕೆಳಗೆ ನುಸುಳಬಾರದು, ಗಟ್ಟಿಯಾದ ಆಧಾರ ಕೊಟ್ಟೇ ಕೈಹಾಕಬೇಕು ಎಂಬುದು ಆ ಮೆಕ್ಯಾನಿಕ್ ಹೇಳಿದ ಮೊದಲ ಮಾತು. ಆದರೆ ಬೇರೊಂದು ಆಕ್ಷೇಪ ಇದಕ್ಕಿಂತ ಆಳವಾದುದು. ಜಯನಗರಕ್ಕೆ ೧೯೪೮ರಲ್ಲಿ ಅಡಿಗಲ್ಲು ಹಾಕಿದ ರಾಜಾಜಿಯವರು, ೧೯೫೩ರಲ್ಲಿ ಮದರಾಸಿನ ಮುಖ್ಯಮಂತ್ರಿಯಾಗಿದ್ದಾಗ, ಮಕ್ಕಳು ಶಾಲೆಯ ಹೊತ್ತನ್ನು ಕಡಮೆ ಮಾಡಿ ಮನೆಯ ಕಸುಬನ್ನು ಕಲಿಯಲಿ ಎಂಬ ಯೋಜನೆ ತಂದರು. ಇದು ಕುಲಕಸುಬಿಗೆ ಕಟ್ಟಿಹಾಕುವ ಶಿಕ್ಷಣವೆಂದು ಜನ ಸಿಡಿದೆದ್ದರು. ಮರುವರ್ಷವೇ ಯೋಜನೆ ಬಿದ್ದುಹೋಯಿತು. ಸಿಡಿದವರ ಮಾತಿನಲ್ಲಿ ಸತ್ಯವಿತ್ತು. ತಂದೆಯ ಕಸುಬನ್ನೇ ಮಗನ ತಲೆಗೆ ಕಟ್ಟುವುದು ಶಿಕ್ಷಣವಲ್ಲ.

ಇಂದೂ ಆ ಅಪಾಯ ಬಾಗಿಲಲ್ಲಿಯೇ ಇದೆ. ನಮ್ಮ ರಾಜ್ಯದ ಕೆಲವು ಸರ್ಕಾರಿ ಪ್ರೌಢಶಾಲೆಗಳಲ್ಲಿ ಆಟೊಮೊಬೈಲ್ ಒಂದು ವಿಷಯವಾಗಿ, ತೃತೀಯ ಭಾಷೆಯ ಸ್ಥಾನದಲ್ಲಿ ಬಂದಿದೆ. ಬಂದದ್ದು ಸಂತೋಷ. ಆದರೆ ಬಡವರ ಮಕ್ಕಳಿಗೆ ಸ್ಪ್ಯಾನರು, ಉಳ್ಳವರ ಮಕ್ಕಳಿಗೆ ಗಣಕಯಂತ್ರ ಎಂದಾದರೆ ನಾವು ಹೊಸದೊಂದು ವರ್ಣವ್ಯವಸ್ಥೆಯನ್ನು ಕಟ್ಟಿದಂತೆ. ಭಾಷೆ ಬಿಟ್ಟು ಕಸುಬು, ಕಸುಬು ಬಿಟ್ಟು ಭಾಷೆ ಎಂಬ ಆಯ್ಕೆಯೂ ಸಲ್ಲದು. ಎರಡೂ ಒಂದೇ ನೆಲದ ಮೇಲೆ ಬರೆಯಬಲ್ಲವೆಂಬುದನ್ನು ನಾನು ನನ್ನ ಅಂಗಳದಲ್ಲಿಯೇ ಕಂಡಿದ್ದೇನೆ. ವೈದ್ಯರ ಮಗಳೂ ಮೆಕ್ಯಾನಿಕ್ಕನ ಮಗನೂ ಒಂದೇ ಇಂಜಿನಿನ ಮೇಲೆ ಬಾಗಿ ನಿಂತಾಗ ಮಾತ್ರ ಕಸುಬು ಕುಲದ ಗುರುತಾಗದೆ ವಿದ್ಯೆಯಾಗುತ್ತದೆ. ಆದುದರಿಂದ ಸರ್ಕಾರಿಯಿರಲಿ, ಖಾಸಗಿಯಿರಲಿ, ಪ್ರತಿಯೊಂದು ಪ್ರೌಢಶಾಲೆಯಲ್ಲಿ ಒಂದು ಹಳೆಯ ವಾಹನ, ಒಂದು ಪೆಟ್ಟಿಗೆ ಉಪಕರಣ, ಕೆಲಸ ಬಲ್ಲ ಒಬ್ಬ ಗುರು ಇರಬೇಕೆಂಬುದು ನನ್ನ ವಾದ. ಆ ಗುರುವಿಗೆ ನಮ್ಮಂತೆಯೇ ಅಧ್ಯಾಪಕರ ಕೊಠಡಿಯಲ್ಲಿ ಕುರ್ಚಿಯೂ ಇರಬೇಕು.

ಕಳೆದ ತಿಂಗಳು ನಮ್ಮ ಪದ್ಮಿನಿ ಕೆಮ್ಮಿ, ಹೊಗೆಯುಗುಳಿ, ಕೊನೆಗೆ ನಾಲ್ಕೂ ಸಿಲಿಂಡರುಗಳಲ್ಲಿ ಹಾಡಿತು. ಹುಡುಗ ನನ್ನ ಕಡೆ ನೋಡಿದ. ಅಂಕಪಟ್ಟಿ ತಂದ ದಿನ ಅವನು ಹಾಗೆ ನೇರವಾಗಿ ನೋಡಿದವನಲ್ಲ. ವಾಹನ ಇನ್ನೂ ಹೊಂಗೆಮರದ ಕೆಳಗೇ ಇದೆ. ಯಾವ ಮುಖ್ಯೋಪಾಧ್ಯಾಯರಾದರೂ ಬೇಕೆಂದರೆ ಉಚಿತವಾಗಿ ಕೊಡಲು ಸಿದ್ಧನಿದ್ದೇನೆ. ಷರತ್ತು ಒಂದೇ: ಅದನ್ನು ತೊಳೆದು ಪ್ರದರ್ಶನಕ್ಕಿಡಕೂಡದು, ಮಕ್ಕಳು ಅದನ್ನು ಮತ್ತೆ ಬಿಚ್ಚಬೇಕು.