ವಿದ್ಯೆಗೂ ಗೇಣಿಯೇ?

ಉತ್ತವನೊಬ್ಬ, ಬಿತ್ತಿದವನೊಬ್ಬ, ಕಣಕ್ಕೆ ಬಂದು ರಾಶಿ ಅಳೆದು ಒಯ್ಯುವವನು ಮತ್ತೊಬ್ಬ. ಈ ಅನ್ಯಾಯ ಗದ್ದೆಗೆ ಮಾತ್ರ ಸೇರಿದ್ದೆಂದು ತಿಳಿದವರು ವಿದ್ವತ್ ಪತ್ರಿಕೆಗಳ ವ್ಯಾಪಾರವನ್ನೂ ಒಮ್ಮೆ ನೋಡಬೇಕು.

1987ರಲ್ಲಿ ಲಂಡನ್ನಿನಲ್ಲಿ ‘ಥರ್ಡ್ ಟೆಕ್ಸ್ಟ್’ ಎಂಬ ಕಲಾಪತ್ರಿಕೆ ಹುಟ್ಟಿತು. ಸ್ಥಾಪಿಸಿದವರು ಕರಾಚಿಯಿಂದ ಹೋಗಿ ಅಲ್ಲಿ ನೆಲೆಸಿದ ಕಲಾವಿದ ರಶೀದ್ ಅರಾಯೀನ್. ಕಲೆಯ ಚರಿತ್ರೆಯೆಂದರೆ ಬಿಳಿಯರ ಚರಿತ್ರೆ ಎಂಬ ಯುರೋಪಿನ ಜಂಬವನ್ನು ಮುರಿಯುವುದು ಅದರ ಗುರಿ. 2013ರ ಜನವರಿಯಲ್ಲಿ ಅದು ಸಮಕಾಲೀನ ಕಲೆ ಮತ್ತು ಪರಿಸರ ರಾಜಕಾರಣದ ಮೇಲೆ ವಿಶೇಷ ಸಂಚಿಕೆ ತಂದಿತು, ಸಂಪಾದಕರು ಟಿ. ಜೆ. ಡೆಮೊಸ್. ನೆಲ, ನೀರು, ಕಾಡು ಯಾರದೆಂಬ ಪ್ರಶ್ನೆ ನಮ್ಮದೂ ಹೌದು. ಆದರೆ ಆ ಹೊತ್ತಿಗೆ ಪತ್ರಿಕೆಯ ಪ್ರಕಾಶಕರು ಟೇಲರ್ ಅಂಡ್ ಫ್ರಾನ್ಸಿಸ್ ಎಂಬ ದೊಡ್ಡ ಕಂಪನಿ. ಇಂಥ ಕಂಪನಿಗಳ ಪತ್ರಿಕೆಗಳಲ್ಲಿ, ನೆಲಜಲ ಎಲ್ಲರದೆಂದು ವಾದಿಸುವ ಲೇಖನ ಕೂಡ ಬಹುಮಟ್ಟಿಗೆ ಹಣ ಕಟ್ಟದವನಿಗೆ ಬೀಗದ ಹಿಂದೆ!

ಈ ವ್ಯಾಪಾರದ ಬಗೆ ಕೇಳಿ. ಲೇಖನ ಬರೆದ ಅಧ್ಯಾಪಕನಿಗೆ ಸಾಮಾನ್ಯವಾಗಿ ಸಂಭಾವನೆಯಿಲ್ಲ. ಅದರ ತಪ್ಪುಒಪ್ಪು ತೂಗುವ ವಿದ್ವಾಂಸನಿಗೂ ಕೂಲಿಯಿಲ್ಲ. ಇವರಲ್ಲಿ ಎಷ್ಟೋ ಜನರ ಸಂಬಳ ಸರ್ಕಾರಿ ಬೊಕ್ಕಸದ್ದು. ಆಮೇಲೆ ಅದೇ ಲೇಖನವನ್ನು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯ ದುಡ್ಡು ತೆತ್ತು ಕೊಳ್ಳಬೇಕು. 2024ರಲ್ಲಿ ಈ ಕಂಪನಿಯ ಒಡೆಯ ಸಂಸ್ಥೆ ಇನ್ಫಾರ್ಮ, ಕೃತಕ ಬುದ್ಧಿಮತ್ತೆಯ ಯಂತ್ರಗಳಿಗಾಗಿ ತನ್ನ ಬರಹದ ಭಂಡಾರವನ್ನು ಮೈಕ್ರೋಸಾಫ್ಟಿಗೆ ತೆರೆದಿಟ್ಟಿತು. ಮೊದಲ ಕಂತೇ ಸುಮಾರು 1 ಕೋಟಿ ಡಾಲರ್. ನಮ್ಮನ್ನು ಕೇಳಲಿಲ್ಲವಲ್ಲ ಎಂದು ಲೇಖಕರು ಕೂಗಿಕೊಂಡರು. ಗೇಣಿದಾರನನ್ನು ಕೇಳಿ ಭತ್ತ ಮಾರಿದ ಜಮೀನ್ದಾರ ಎಲ್ಲಿದ್ದ?

ಇದೇ ಕಂಪನಿ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶಕರೊಡನೆ ಸೇರಿ 2012ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ಮೇಲೆ ದಾವೆ ಹೂಡಿತ್ತು. ವಿದ್ಯಾರ್ಥಿಗಳಿಗೆ ಪಾಠದ ಪುಟಗಳನ್ನು ನಕಲು ಮಾಡಿಕೊಟ್ಟದ್ದೇ ಅಪರಾಧ! ವಿದ್ಯಾರ್ಥಿಗಳೂ ಅಧ್ಯಾಪಕರೂ ಅಂಗಡಿಯ ಬೆನ್ನಿಗೆ ನಿಂತರು. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು. ಮೇಲ್ಮನವಿಯ ನಂತರ 2017ರಲ್ಲಿ ಪ್ರಕಾಶಕರೇ ಹಿಂದೆ ಸರಿದರು. ಒಗ್ಗಟ್ಟಾಗಿ ನಿಂತರೆ ಕಂಪನಿಯೂ ಮಣಿಯುತ್ತದೆ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಗೆ ಒಪ್ಪಿಗೆ ಕೊಟ್ಟಿತು. 2025ರಿಂದ ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ; 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು. ಸರ್ಕಾರಿ ಕಾಲೇಜಿನ ಹುಡುಗರಿಗೆ ಓದು ದೊರೆಯುವುದು ಒಳ್ಳೆಯದೇ. ಅದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹಳ್ಳಿಯ ಶಾಲೆಯ ಮೇಷ್ಟರು, ಪಂಚಾಯತಿ ಗ್ರಂಥಾಲಯದ ಓದುಗ, ಕಾಡು ಕಳೆದುಕೊಂಡ ಊರಿನ ತರುಣ ಈ ಬಾಗಿಲಿನ ಹೊರಗೇ. ಚಂದಾ ಮುಗಿದ ದಿನ ಒಳಗಿದ್ದವರೂ ಹೊರಗೆ. ಇದು ಗೇಣಿಯ ರದ್ದಿಯಲ್ಲ. ಗೇಣಿಯನ್ನು ಸರ್ಕಾರವೇ ಕಟ್ಟುವ ವ್ಯವಸ್ಥೆ.

ಪತ್ರಿಕೆ ನಡೆಸಲು ಖರ್ಚಿಲ್ಲವೆ ಎಂದು ಕೇಳುವವರುಂಟು. ಖರ್ಚುಂಟು; ಬೀಗ ಮಾತ್ರ ಬೇಕಿಲ್ಲ. ಕಾರ್ಖಾನೆಯ ಗದ್ದಲದಿಂದ ಹಕ್ಕಿಯ ದನಿಯವರೆಗೆ ನಾವು ಕೇಳುವ ಸದ್ದನ್ನೆಲ್ಲ ಪರಿಸರವೆಂದೇ ಅಭ್ಯಸಿಸುವ ವಿದ್ಯೆಯನ್ನು ಕೆನಡಾದಲ್ಲಿ ಮರ್ರೆ ಶೇಫರ್ ಬೆಳೆಸಿದರು. ಆ ಧ್ವನಿ ಅಧ್ಯಯನಕ್ಕೆ ಮೀಸಲಾದ ‘ಜರ್ನಲ್ ಆಫ್ ಸೋನಿಕ್ ಸ್ಟಡೀಸ್’ 2011ರಲ್ಲಿ ನೆದರ್‌ಲ್ಯಾಂಡ್ಸಿನಲ್ಲಿ ಆರಂಭವಾದಾಗಿನಿಂದ ಯಾರು ಬೇಕಾದರೂ ಪುಕ್ಕಟೆ ಓದಬಹುದು. ಬ್ರೆಜಿಲ್ಲಿನಲ್ಲಿ ಸಾರ್ವಜನಿಕ ಹಣದ ಬಲದಿಂದ 1998ರಲ್ಲಿ ಎದ್ದ ‘ಸೈಯೆಲೊ’ ಜಾಲ ಎಷ್ಟೋ ದೇಶಗಳ ಪತ್ರಿಕೆಗಳನ್ನು ಹೀಗೆಯೇ ಉಣಬಡಿಸುತ್ತಿದೆ. ಬ್ರೆಜಿಲ್ಲಿಗೆ ಸಾಧ್ಯವಾದದ್ದು ಭಾರತಕ್ಕೇಕೆ ಅಸಾಧ್ಯ?

ಕಲಾವಿದರನ್ನೇ ನೋಡಿ. ಅಮರ್ ಕನ್ವರ್ ಒಡಿಶಾದ ಭೂಸ್ವಾಧೀನವನ್ನು ಕುರಿತು ರಚಿಸಿದ ‘ದಿ ಸಾವರಿನ್ ಫಾರೆಸ್ಟ್’ 2012ರಲ್ಲಿ ಜರ್ಮನಿಯ ಕಾಸೆಲ್ ಪ್ರದರ್ಶನದಲ್ಲಿತ್ತು. ದೇಸಿ ಭತ್ತದ ಬೀಜಗಳನ್ನೂ ಸಾಕ್ಷಿಯಾಗಿಟ್ಟ ಆ ಕೃತಿಯನ್ನು ಅದೇ ವರ್ಷ ಭುವನೇಶ್ವರದಲ್ಲೂ ತೆರೆದಿಟ್ಟರು. ಕೃತಿ ಜನರ ನಾಡಿಗೆ ಬಂತು. ಇಂಥ ಕೃತಿಗಳ ಮೇಲಿನ ವಿದ್ವತ್ತು ಬರಬೇಡವೆ?

ನಮ್ಮ ಬೇಡಿಕೆ ಸ್ಪಷ್ಟ. ಸರ್ಕಾರಿ ಸಂಬಳ, ಸರ್ಕಾರಿ ಧನಸಹಾಯದಿಂದ ಬರೆದ ಲೇಖನ ಪ್ರಕಟವಾದ ದಿನವೇ ಎಲ್ಲರಿಗೂ ದೊರೆಯಬೇಕು. ಕಂಪನಿಗಳಿಗೆ ತೆರುವ ಹಣದಲ್ಲಿ ಒಂದು ಪಾಲು ನಮ್ಮ ವಿಶ್ವವಿದ್ಯಾಲಯಗಳೇ ನಡೆಸುವ ಮುಕ್ತ ಪತ್ರಿಕೆಗಳಿಗೆ ಸಲ್ಲಬೇಕು. ಅವುಗಳ ಸಾರ ಕನ್ನಡದಲ್ಲೂ ಬರಬೇಕು. ಬೊಕ್ಕಸ ತುಂಬಿದವನು ಬಾಗಿಲಲ್ಲಿ ನಿಂತು ಬೇಡುವುದು ಸಾಕು.