ಆಣೆಯಿಂದ ಅಮಲು ಬಿಟ್ಟೀತೇ?

(ಬಿ. ಎ. ಅಂತಿಮ ವರ್ಷದ ವಿದ್ಯಾರ್ಥಿ)

ನಮ್ಮದು ಛಲದ ನಾಡು. 1824ರಲ್ಲಿ ಕಿತ್ತೂರಿನಲ್ಲಿ ಕುಂಪಣಿಯ ಸೈನ್ಯವನ್ನು ಎದುರಿಸಿ ನಿಂತ ರಾಣಿ ಚೆನ್ನಮ್ಮನ ಸಮಾಧಿ ನಮ್ಮ ಬೈಲಹೊಂಗಲದಲ್ಲಿಯೇ ಇದೆ. ಛಲವುಳ್ಳವನಿಗೆ ಅಸಾಧ್ಯವಾದುದಿಲ್ಲವೆಂಬ ಮಾತನ್ನು ಕೇಳುತ್ತ ಬೆಳೆದವರು ನಾವು. ಆದುದರಿಂದಲೇ ಇರಬೇಕು, ಅಮಲಿಗೆ ಬಿದ್ದವನನ್ನು ಕಂಡರೆ "ಇವನಿಗೆ ಛಲವಿಲ್ಲ" ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತೇವೆ. "ಮಾಡಿದ್ದುಣ್ಣೋ ಮಹಾರಾಯ" ಎಂದು ಮುಂದೆ ನಡೆಯುತ್ತೇವೆ. ಈ ತೀರ್ಪು ತಪ್ಪೆಂದು ನಾನು ಮನೆಯಲ್ಲಿಯೇ ಕಲಿತೆ. ಅದನ್ನು ಸಹಪಾಠಿಗಳ ಮುಂದೆಯೂ ಗುರುಗಳ ಮುಂದೆಯೂ ಇಡಬೇಕೆಂಬುದೇ ಈ ಲೇಖನದ ಉದ್ದೇಶ.

ಅಫೀಮಿನ ಮಾತೆತ್ತಿದರೆ "ಅದು ಪಂಜಾಬಿನ ಪಿಡುಗು, ಮಣಿಪುರದ ಪಿಡುಗು, ನಮ್ಮನ್ನು ಕಾಡುವುದು ಸೆರೆ" ಎಂದು ಗೆಳೆಯರು ಹೇಳುವುದುಂಟು. ಸೆರೆಯ ಹಾವಳಿ ದೊಡ್ಡದೆಂಬುದು ನಿಜ. ಆದರೆ ಕೇಂದ್ರ ಸರಕಾರವು 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ದೇಶದ ಜನರಲ್ಲಿ ನೂರಕ್ಕೆ ಸುಮಾರು ಎರಡು ಮಂದಿ ಅಫೀಮು ಅಥವಾ ಅದರ ಜಾತಿಯ ಪದಾರ್ಥಗಳನ್ನು ಬಳಸುತ್ತಾರೆ. ಅವರಲ್ಲಿ ಸುಮಾರು 77 ಲಕ್ಷ ಜನರಿಗೆ ವೈದ್ಯರ ನೆರವು ಬೇಕು. ಪುಣೆ-ಬೆಂಗಳೂರು ಹೆದ್ದಾರಿ ಕಿತ್ತೂರಿನ ಮಗ್ಗುಲಲ್ಲಿಯೇ ಹಾಯ್ದುಹೋಗುತ್ತದೆ. ಹೆದ್ದಾರಿಯ ಮೇಲೆ ಸರಕು ಮಾತ್ರ ಓಡಾಡುತ್ತದೆಯೇ?

ನಮ್ಮ ಸೋದರಮಾವನವರು ಹನ್ನೆರಡು ವರ್ಷ ಲಾರಿ ನಡೆಸಿದವರು. ರಾಜಸ್ಥಾನದ ಕಡೆಗೆ ಹೋದಾಗ ಒಂದು ಢಾಬಾದಲ್ಲಿ ಜೊತೆಯ ಚಾಲಕರು ಚಹಾದಲ್ಲಿ ಡೋಡಾ ಪುಡಿ ಕಲಸಿ ಕೊಟ್ಟರಂತೆ. ಡೋಡಾ ಎಂದರೆ ಗಸಗಸೆಯ ಒಣಗಿದ ಕಾಯಿಯ ಸಿಪ್ಪೆ. ಬೆನ್ನುನೋವು ಮಾಯವಾಯಿತು, ರಾತ್ರಿಯೆಲ್ಲ ಲಾರಿ ಓಡಿತು. ಊರಿಗೆ ಬಂದ ಮೇಲೆ ಡೋಡಾ ಸಿಗಲಿಲ್ಲ; ಅದರ ಬದಲಿಗೆ ಟ್ರಮಡಾಲ್ ಎಂಬ ನೋವಿನ ಗುಳಿಗೆ ಸಿಕ್ಕಿತು. ಈ ಗುಳಿಗೆಯನ್ನು 2018ರಲ್ಲಿಯೇ ಮಾದಕವಸ್ತು ಕಾಯಿದೆಯ ಅಡಿಗೆ ತರಲಾಗಿದೆ. ಆದರೂ ವೈದ್ಯರ ಚೀಟಿಯಿಲ್ಲದೆ ಕೊಡುವವರು ಅವರಿಗೆ ಸಿಕ್ಕೇ ಸಿಕ್ಕರು. ದಿನಕ್ಕೆ ಎರಡಿದ್ದುದು ಹತ್ತಾಯಿತು. ಅತ್ತೆಯ ಕಿವಿಯ ಬೆಂಡೋಲೆ ಹೋಯಿತು, ಕೆಲಸವೂ ಹೋಯಿತು.

ಮನೆಯವರು ತಮಗೆ ತಿಳಿದುದನ್ನೆಲ್ಲ ಮಾಡಿದರು. ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕರೆದೊಯ್ದು ಭಂಡಾರ ಮುಟ್ಟಿಸಿ ಆಣೆ ಮಾಡಿಸಿದರು. ಮಾವನವರು ಮನಸ್ಸಿಟ್ಟೇ ಆಣೆ ಮಾಡಿದರೆಂದು ನಾನು ನಂಬುತ್ತೇನೆ. ಮರುದಿನದಿಂದ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈಯೆಲ್ಲ ಮುಳ್ಳು, ಎಲುಬು ಮುರಿದಂಥ ನೋವು, ಭೇದಿ. ಮೂರು ರಾತ್ರಿ ನಿದ್ದೆಯಿಲ್ಲ. ನಾಲ್ಕನೆಯ ದಿನ ಎಲ್ಲಿಂದಲೋ ಗುಳಿಗೆ ತಂದು ನುಂಗಿದರು. "ತಮ್ಮಾ, ತಾಯಿ ಮುಂದ ಆಣಿ ಮಾಡಿ ಬಂದಿ, ಮತ್ತ ಯಾಕ?" ಎಂದು ಅವ್ವ ಅತ್ತಳು. "ಅಕ್ಕಾ, ಮನಸ್ಸು ಬ್ಯಾಡ ಅಂತೈತಿ, ಮೈ ಕೇಳವಲ್ದು" ಎಂದರು ಮಾವ.

ವೈದ್ಯಶಾಸ್ತ್ರವು ಹೇಳುವುದೂ ಅದನ್ನೇ. ಅಫೀಮಿನ ಜಾತಿಯ ಪದಾರ್ಥಗಳು ಮಿದುಳಿನಲ್ಲಿ ಒಂದು ಗೊತ್ತಾದ ಬಾಗಿಲನ್ನು ತಟ್ಟುತ್ತವೆ. ಬಹುಕಾಲ ತಟ್ಟಿದ ಮೇಲೆ ಅವಿಲ್ಲದೆ ದೇಹದ ಸಾಮಾನ್ಯ ವ್ಯಾಪಾರವೇ ಕೆಡುತ್ತದೆ. ಆಗ ಮನುಷ್ಯನು ಸುಖಕ್ಕಾಗಿ ಅಲ್ಲ, ಸಂಕಟ ತಪ್ಪಿಸಿಕೊಳ್ಳುವುದಕ್ಕಾಗಿ ಗುಳಿಗೆ ಹುಡುಕುತ್ತಾನೆ. ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವವರಿದ್ದಾರೆ. ಅದರಲ್ಲೊಂದು ದೊಡ್ಡ ಅಪಾಯವಿದೆ. ಕೆಲವು ವಾರ ಬಿಟ್ಟಿದ್ದ ಮೈಯು ಹಳೆಯ ಪ್ರಮಾಣವನ್ನು ತಾಳುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಹೊರಗೆ ಬಂದವನು ಮೊದಲಿನಷ್ಟೇ ಸೇವಿಸಿದರೆ ಉಸಿರು ನಿಂತು ಸಾಯಬಹುದು. ಹೀಗೆ ಬಂಧನದಿಂದ ಬಿಡಿಸಿದ ವ್ಯಸನವು ಕೆಲವೊಮ್ಮೆ ಪ್ರಾಣವನ್ನೇ ಬಿಡಿಸುತ್ತದೆ.

ಕೊನೆಗೆ ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆಗೆ ಹೋದೆವು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಆದುದರಿಂದ ಚೀಟಿ ಓದುವ ಕೆಲಸ ನನ್ನ ಪಾಲಿಗೆ ಬಂತು. ಔಷಧದ ಹೆಸರು ಬ್ಯುಪ್ರಿನಾರ್ಫಿನ್. ಅದನ್ನು ನುಂಗುವಂತಿಲ್ಲ, ನಾಲಿಗೆಯ ಕೆಳಗಿಟ್ಟು ಕರಗಿಸಬೇಕು. ಸಂಕಟ ಆರಂಭವಾಗುವ ತನಕ ಮಾವನವರನ್ನು ಕೂಡಿಸಿದ್ದು, ಆಮೇಲೆಯೇ ಮೊದಲ ಗುಳಿಗೆ ಕೊಟ್ಟರು. ಮುಂಚೆಯೇ ಕೊಟ್ಟರೆ ಸಂಕಟ ಉಲ್ಬಣಿಸುತ್ತದಂತೆ. ಈ ಔಷಧವೂ ಮಿದುಳಿನ ಅದೇ ಬಾಗಿಲಿಗೆ ಹೋಗುತ್ತದೆ. ಆದರೆ ಬಾಗಿಲನ್ನು ಅರ್ಧವಷ್ಟೇ ತೆರೆದು ಅಲ್ಲಿಯೇ ಕುಳಿತುಬಿಡುತ್ತದೆ. ಮೈಯ ಸಂಕಟ ಅಡಗುತ್ತದೆ. ಪ್ರಮಾಣ ಹೆಚ್ಚಿಸಿದರೂ ಒಂದು ಮಿತಿಯಾಚೆ ಪರಿಣಾಮ ಹೆಚ್ಚುವುದಿಲ್ಲ. ಮೇಲೆ ಬೇರೆ ಅಫೀಮು ಸೇವಿಸಿದರೆ ಅದಕ್ಕೆ ಒಳಗೆ ಎಡೆ ದೊರೆಯುವುದು ಕಷ್ಟ.

"ಇದೂ ಗುಳಿಗೀನ ಅಲ್ಲೇನ? ಒಂದ ಬಿಡಿಸಿ ಇನ್ನೊಂದ ಹಚ್ಚಿದಂಗ ಆತು" ಎಂದು ಅವ್ವ ಕೇಳಿದಳು. ಕಲಿತವರೂ ಇದೇ ಆಕ್ಷೇಪವನ್ನು ಎತ್ತುತ್ತಾರೆ. ಆಕ್ಷೇಪವನ್ನು ತಳ್ಳಿಹಾಕಬಾರದು. ಈ ಔಷಧವೂ ದುರುಪಯೋಗವಾಗಬಲ್ಲದು. ಅದಕ್ಕೆಂದೇ ವೈದ್ಯರ ಕಣ್ಗಾವಲಿನಲ್ಲಿ ಕೊಡುತ್ತಾರೆ. ಸೆರೆಯೊಡನೆ ಅಥವಾ ನಿದ್ದೆಗುಳಿಗೆಯೊಡನೆ ಬೆರೆತರೆ ಅಪಾಯ. ಒಮ್ಮೆಲೇ ನಿಲ್ಲಿಸಲೂ ಬಾರದು. ತಿಂಗಳುಗಟ್ಟಲೆ, ಕೆಲವರಿಗೆ ವರ್ಷಗಟ್ಟಲೆ ಬೇಕಾಗುತ್ತದೆ. ಆದರೆ ಗುಳಿಗೆಯ ಮೇಲೆ ಅವಲಂಬಿಸುವುದೇ ವ್ಯಸನವಾದರೆ ಸಕ್ಕರೆ ಕಾಯಿಲೆಯವರೂ ವ್ಯಸನಿಗಳೇ ಆಗಬೇಕು. ಮೊದಲು ಮಾವನವರ ಇಡೀ ದಿನವು ಗುಳಿಗೆ ಹುಡುಕುವುದರಲ್ಲಿ ಹೋಗುತ್ತಿತ್ತು. ಈಗ ಬೆಳಿಗ್ಗೆ ಹತ್ತು ನಿಮಿಷ ಔಷಧಕ್ಕೆ, ಉಳಿದ ಹೊತ್ತು ಹೊಲಕ್ಕೆ. ಈ ಅಂತರವು ಸಣ್ಣದೇ?

ಔಷಧವು ಮೈಯನ್ನು ಸುಮ್ಮನಾಗಿಸಿತು. ಮನಸ್ಸಿನ ಕೆಲಸ ಆಮೇಲೆ ಮೊದಲಾಯಿತು. ಆಪ್ತಸಮಾಲೋಚಕರು ಬುದ್ಧಿವಾದ ಹೇಳಲಿಲ್ಲ, ಪ್ರಶ್ನೆ ಕೇಳಿದರು: ಯಾವ ಹೊತ್ತಿನಲ್ಲಿ ಆಸೆ ಹುಟ್ಟುತ್ತದೆ? ಯಾರ ಜೊತೆಗಿದ್ದಾಗ? ಸಂಜೆಗೆ ಲಾರಿಯ ಹಾರನ್ ಕೇಳಿದರೆ, ಕೈಯಲ್ಲಿ ಪಗಾರದ ಹಣವಿದ್ದರೆ, ಎಂದು ಮಾವ ಲೆಕ್ಕ ಹಾಕಿದರು. ಹಣವನ್ನು ಅತ್ತೆಯ ಕೈಗೆ ಕೊಡುವುದು, ಸಂಜೆ ಎತ್ತುಗಳ ಹತ್ತಿರ ಇರುವುದು, ಇಂಥ ಸಣ್ಣ ಸಣ್ಣ ಏರ್ಪಾಡುಗಳಾದವು. ಹಳೆಯದನ್ನು ಎತ್ತಿ ಹಂಗಿಸಬಾರದೆಂದು ನಮಗೂ ಹೇಳಿದರು. ನಡುವೆ ಒಮ್ಮೆ ಮಾವ ಎಡವಿದರು. ಆಣೆ ಮುರಿದಾಗ ಎಲ್ಲವೂ ಮುಗಿಯಿತೆಂದುಕೊಂಡಿದ್ದೆವು. ಈ ಸಲ ಮರುದಿನವೇ ಆಸ್ಪತ್ರೆಗೆ ಹೋದೆವು. ಎಡವಿದವನನ್ನು ಎತ್ತಿ ನಿಲ್ಲಿಸುವುದೂ ಚಿಕಿತ್ಸೆಯ ಒಂದು ಭಾಗವೆಂದು ಅಂದು ತಿಳಿಯಿತು.

ಇದು ನಮ್ಮೊಂದು ಮನೆಯ ಅನುಭವ ಮಾತ್ರವಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಬ್ಯುಪ್ರಿನಾರ್ಫಿನ್ ಮತ್ತು ಮೆಥಡೋನ್‌ಗಳನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಫ್ರಾನ್ಸ್ ದೇಶವು 1990ರ ದಶಕದ ನಡುವಿನಲ್ಲಿ ಸಾಮಾನ್ಯ ವೈದ್ಯರೂ ಈ ಔಷಧವನ್ನು ಬರೆದುಕೊಡಲು ಅವಕಾಶ ಮಾಡಿತು. ಮುಂದಿನ ಕೆಲವೇ ವರ್ಷಗಳಲ್ಲಿ ಅತಿಸೇವನೆಯ ಸಾವುಗಳು ಅಲ್ಲಿ ಬಹಳ ಇಳಿದವು. ಔಷಧವು ಹತ್ತಿರವಿದ್ದರೆ ಜೀವ ಉಳಿಯುತ್ತದೆ ಎಂಬುದೇ ಅದರ ಪಾಠ.

ನಮ್ಮಲ್ಲಿ ಕಷ್ಟವಿರುವುದೂ ಇಲ್ಲಿಯೇ. ಬೈಲಹೊಂಗಲದಿಂದ ಧಾರವಾಡಕ್ಕೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು. ರಾಮದುರ್ಗದ ಹಳ್ಳಿಯವನ ಪಾಡಂತೂ ಇನ್ನೂ ಕಠಿಣ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ಆಸ್ಪತ್ರೆಗಳಲ್ಲಿ ಔಷಧವೂ ಆಪ್ತಸಮಾಲೋಚನೆಯೂ ತಪ್ಪದೆ ದೊರೆಯುವಂತಾಗಬೇಕು. ಜಿಲ್ಲೆಗಳಲ್ಲಿ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದುದು ನಮ್ಮ ರಾಜ್ಯದ ಬಳ್ಳಾರಿಯೇ. ಅಂಥ ರಾಜ್ಯದಲ್ಲಿ ಇದು ಅತಿಯಾಸೆಯಲ್ಲ.

ಪೋಲೀಸರ ಭಯದಿಂದ ಮನೆಯಲ್ಲಿಯೇ ಕೊಳೆಯುವವರಿದ್ದಾರೆ. 1985ರ ಮಾದಕವಸ್ತು ಕಾಯಿದೆಯಲ್ಲಿಯೇ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿಯು ತಾನಾಗಿ ಸರಕಾರಿ ಚಿಕಿತ್ಸೆಗೆ ಮುಂದಾದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಎಂಬ ಕಲಮು ಇದೆ. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ 14416ಕ್ಕೆ ಕಾಸಿಲ್ಲದೆ, ಕನ್ನಡದಲ್ಲಿಯೇ ಮಾತನಾಡಬಹುದು. ಇವನ್ನು ಹಳ್ಳಿಹಳ್ಳಿಗೆ ತಿಳಿಸುವುದು ನಮ್ಮಂಥ ವಿದ್ಯಾರ್ಥಿಗಳಿಂದ ಆಗದ ಕೆಲಸವೇ? ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರದಲ್ಲಿ ಗಟಾರು ಬಳಿಯುವ ನಾವು ಒಂದು ಸಂಜೆಯನ್ನು ಇದಕ್ಕೆ ಕೊಡಲಾರೆವೇ?

ಎಲ್ಲಮ್ಮನ ಮೇಲಿನ ಭಕ್ತಿಯನ್ನು ಯಾರೂ ಬಿಡಬೇಕಾಗಿಲ್ಲ. ಅವ್ವ ಈಗಲೂ ಹುಣ್ಣಿಮೆಗೆ ಗುಡ್ಡಕ್ಕೆ ಹೋಗುತ್ತಾಳೆ. ಹಿಂದೆ ತಮ್ಮನಿಂದ ಆಣೆ ಮಾಡಿಸಲು ಹೋಗುತ್ತಿದ್ದಳು. ಈಗ ಅವನ ಆಸ್ಪತ್ರೆಯ ತಾರೀಖು ತಪ್ಪದಿರಲೆಂದು ಬೇಡಿಕೊಳ್ಳಲು ಹೋಗುತ್ತಾಳೆ. ನಮ್ಮ ನಾಡಿನ ಛಲಕ್ಕೂ ಇನ್ನು ಇದೇ ದಾರಿಯಾಗಲಿ. ಅದನ್ನು ರೋಗಿಯೊಬ್ಬನ ತಲೆಯ ಮೇಲೆಯೇ ಹೊರಿಸದೆ, ಅವನನ್ನು ಆಸ್ಪತ್ರೆಯ ಬಾಗಿಲಿಗೆ ತಲುಪಿಸುವುದರಲ್ಲಿ ನಾವೂ ತೋರಿಸೋಣ.