ಪಿಂಚಣಿ ಇಲ್ಲದ ದೇಶಭಕ್ತಿ



ಗಡಿಯಲ್ಲಿ ಏನಾದ್ರೂ ಆದ ಕೂಡಲೇ "ನಾನೂ ಯುದ್ಧಕ್ಕೆ ರೆಡಿ" ಅನ್ನೋ ಪೋಸ್ಟ್‌ಗಳು ಶುರುವಾಗ್ತವೆ. ಸೇನಾ ಭರ್ತಿ ರ್‍ಯಾಲಿ ನಡೆಯೋ ಮೈದಾನಕ್ಕೆ ಬೆಳಗಿನ ಜಾವ ಒಮ್ಮೆ ಹೋಗಿ ನೋಡಿ. ಅಲ್ಲಿ ಓಡ್ತಿರೋರು ಹೆಚ್ಚಿನವರು ಕೂಲಿಯವರ, ಸಣ್ಣ ರೈತರ, ನಮ್ಮ ಕೇರಿಗಳ ಮಕ್ಕಳು. ಟಿವಿಯಲ್ಲಿ ಕೂತು ಯುದ್ಧ ಬೇಕು ಅಂತ ಕಿರುಚೋರ ಮಕ್ಕಳು ಅಲ್ಲಿ ಸಿಗೋದು ಅಪರೂಪ.

ಸೇನೆ ಸೇರುವ ಮನಸ್ಸು ನಮ್ಮವರಿಗೆ ಇವತ್ತು ಬಂದದ್ದಲ್ಲ. 1818ರ ಕೋರೆಗಾಂವ್ ಯುದ್ಧದ ಸ್ತಂಭದ ಮೇಲೆ ಮಹಾರ್ ಸೈನಿಕರ ಹೆಸರುಗಳಿವೆ. ಬಾಬಾಸಾಹೇಬರ ತಂದೆ ರಾಮ್‌ಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರ್. 1891ರಲ್ಲಿ ಬಾಬಾಸಾಹೇಬರು ಹುಟ್ಟಿದ್ದೇ ಮಹೂ ದಂಡು ಪ್ರದೇಶದಲ್ಲಿ. ಊರ ಶಾಲೆ ನಮ್ಮನ್ನ ಹೊರಗಿಟ್ಟ ಕಾಲದಲ್ಲಿ ಸೈನ್ಯದ ಶಾಲೆ ಅಕ್ಷರ ಕೊಡ್ತು. ರಾಮ್‌ಜಿಯವರು ಅಂಥ ಶಾಲೆಯಲ್ಲೇ ಮೇಷ್ಟ್ರಾಗಿದ್ರು. ಸಂಬಳ, ಅಕ್ಷರ, ಪಿಂಚಣಿ ಮೂರೂ ಸೇರಿದಾಗ ಮುಂದಿನ ತಲೆಮಾರು ಎದ್ದು ನಿಂತಿತು.

ಆಮೇಲೆ ಏನಾಯ್ತು? 1890ರ ದಶಕದಲ್ಲಿ ಬ್ರಿಟಿಷರು "ವೀರ ಜನಾಂಗ" ಅನ್ನೋ ಜಾತಿ ಲೆಕ್ಕ ಹಿಡಿದು ಮಹಾರರ ಭರ್ತಿ ನಿಲ್ಲಿಸಿದ್ರು. ಮೊದಲ ಮಹಾಯುದ್ಧದಲ್ಲಿ ಜನ ಬೇಕಾದಾಗ 1917ರಲ್ಲಿ ಮತ್ತೆ ಕರೆದ್ರು. ಯುದ್ಧ ಮುಗೀತು, ಆ ಪಡೆಯನ್ನೂ ಮುಗಿಸಿದ್ರು. 1941ರಲ್ಲಿ ಬಾಬಾಸಾಹೇಬರು ಒತ್ತಡ ಹಾಕಿದ ಮೇಲೆ ಮಹಾರ್ ರೆಜಿಮೆಂಟ್ ಬಂತು. ಅದರ ಮೊದಲ ಬೆಟಾಲಿಯನ್ ಕಟ್ಟಿದ್ದು ನಮ್ಮ ಬೆಳಗಾವಿಯಲ್ಲೇ. 1943ರಲ್ಲಿ ಕಟ್ಟಿದ ಚಮಾರ್ ರೆಜಿಮೆಂಟನ್ನು 1946ರಲ್ಲಿ ವಿಸರ್ಜಿಸಿದ್ರು. ಬೇಕಾದಾಗ ಕರೆಯೋದು, ಕೆಲಸ ಆದ್ಮೇಲೆ ಮನೆಗೆ ಕಳಿಸೋದು. ಇದು ಹಳೇ ಚಾಳಿ.

2022ರ ಅಗ್ನಿಪಥ್ ನೋಡಿದಾಗ ನನಗೆ ಇದೇ ನೆನಪಾಗೋದು. ನಾಲ್ಕು ವರ್ಷ ಸೇವೆ. ಕಾಯಂ ಆಗೋರು ಹೆಚ್ಚೆಂದರೆ 25%. ಉಳಿದವರಿಗೆ ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ಕೊನೆಗೆ ಕೈಗೆ ಬರೋದು ಸುಮಾರು 11.71 ಲಕ್ಷ. ಅದರಲ್ಲೂ 5.02 ಲಕ್ಷ ಆ ಹುಡುಗನ ಸಂಬಳದಿಂದಲೇ ಹಿಡಿದದ್ದು! ಅರೆಸೇನಾ ಪಡೆಗಳಲ್ಲಿ 10% ಮೀಸಲು ಅಂತ 2022ರಲ್ಲಿ ಹೇಳಿದ್ರು. ಉಳಿದವರು ಇಪ್ಪತ್ತೈದರ ಆಸುಪಾಸಿನಲ್ಲಿ ಮತ್ತೆ ಕೆಲಸ ಹುಡುಕಬೇಕು. ಜಮೀನು, ಅಂಗಡಿ, ಶಿಫಾರಸು ಇರೋ ಮನೆಯ ಹುಡುಗ ಹೇಗೋ ನಿಭಾಯಿಸ್ತಾನೆ. ನಮ್ಮ ಹುಡುಗ ವಾಪಸ್ ಬರೋದು ಎಲ್ಲಿಗೆ? ಅದೇ ಕೇರಿಗೆ, ಅದೇ ಕೂಲಿಗೆ.

"ದೇಶಸೇವೆಗೆ ಲೆಕ್ಕ ಕೇಳ್ತೀರಾ?" ಅಂತ ಕೆಲವರು ಕೇಳ್ತಾರೆ. ಹೌದು ಸ್ವಾಮಿ, ಕೇಳ್ತೀವಿ. ಒಂದೇ ಅವಧಿಗೆ ಸಂಸದರಾದವರಿಗೂ ಜೀವನಪೂರ್ತಿ ಪಿಂಚಣಿ ಇದೆ. ಅದನ್ನ ಯಾರೂ ದೇಶದ್ರೋಹ ಅನ್ನಲ್ಲ. ಹಿಮದಲ್ಲಿ ನಿಂತು ಕಾದ ಹುಡುಗ ಕೇಳಿದ್ರೆ ಮಾತ್ರ ಯಾಕೆ ತಪ್ಪು?

ಇನ್ನು ನಮ್ಮವರಲ್ಲೇ ಕೆಲವರು "ನಮ್ಮನ್ನ ಮನುಷ್ಯರಂತೆ ಕಾಣದ ದೇಶಕ್ಕೆ ಯಾಕೆ ಪ್ರಾಣ ಕೊಡಬೇಕು, ಸೇನೆಗೇ ಹೋಗಬೇಡಿ" ಅಂತಾರೆ. ಆ ಸಿಟ್ಟು ಅರ್ಥ ಆಗುತ್ತೆ, ಆದರೆ ಒಪ್ಪಲ್ಲ. ಮುಚ್ಚಿದ ಬಾಗಿಲನ್ನ ಬಾಬಾಸಾಹೇಬರು ಹೋರಾಡಿ ತೆರೆಸಿದ್ದು ನಾವು ಹೊರಗೆ ನಿಲ್ಲಲಿ ಅಂತ ಅಲ್ಲ.

ತಮ್ಮಂದಿರೇ, ತಂಗಿಯರೇ, ಹೋಗೋ ಮನಸ್ಸಿದ್ರೆ ಧೈರ್ಯವಾಗಿ ಹೋಗಿ. ಆದರೆ ಓಟು ಕೇಳೋಕೆ ಬರೋ ಪ್ರತಿ ಪಕ್ಷದವರನ್ನೂ ನಿಲ್ಲಿಸಿ ಕೇಳಿ: ನಾಲ್ಕು ವರ್ಷ ಆದ್ಮೇಲೆ ನಮ್ಮ ಗತಿ ಏನು? ಪಿಂಚಣಿ ಇರೋ ಕಾಯಂ ಭರ್ತಿ ಮತ್ತೆ ತರ್ತೀರಾ, ಇಲ್ವಾ? ಉತ್ತರ ಕೊಡದವರಿಗೆ ಓಟೂ ಬೇಡ.

ಜೈ ಭೀಮ್. ಜೈ ಸಂವಿಧಾನ.